ಹೊಟ್ಟಿನ ಬೂದಿಗೆ ಮ್ಯಾಂಗನೀಸ್ ಲೇಪ

ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ ತಾಲ್ಲೂಕಿನಲ್ಲಿ, ನಮ್ಮ ಬಸವಾಪಟ್ಟಣದ ಕಡೆಯೂ, ಭತ್ತದ ಹೊಟ್ಟಿಗೆ ಬರವಿಲ್ಲ. ಸುಟ್ಟರೆ ತೂಕದ ಐದನೇ ಒಂದರಷ್ಟು ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ, ಭತ್ತದ ಗಿಡ ಮಣ್ಣಿನಿಂದ ಹೀರಿ ಹೊಟ್ಟಿನಲ್ಲಿ ಕೂಡಿಟ್ಟದ್ದು. ಮನೆಯಲ್ಲೇ ವೇಗವರ್ಧಕ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮಾಡಿನೋಡುವವರಿಗೆ ಇದಕ್ಕಿಂತ ಒಳ್ಳೆಯ ಆಸರೆಯನ್ನು ನಾನು ಕಂಡಿಲ್ಲ.

ಇಲ್ಲಿ ವೇಗವರ್ಧಕವಾಗುವ ಮ್ಯಾಂಗನೀಸ್ ಆಕ್ಸೈಡ್ ಕೆಲಸ ಮಾಡುವುದು ತನ್ನ ಮೇಲ್ಮೈಯಲ್ಲಿ ಮಾತ್ರ; ಹರಳಿನ ಒಡಲಲ್ಲಿ ಹುದುಗಿದ್ದು ದಂಡ. ಚಿಟಿಕೆ ಆಕ್ಸೈಡನ್ನೇ ಸೂಕ್ಷ್ಮ ರಂಧ್ರಗಳ ಬೂದಿಯ ಮೇಲೆ ತೆಳ್ಳಗೆ ಹರಡಿದರೆ ಬಹುಪಾಲು ದುಡಿಮೆಗೆ ಸಿಗುತ್ತದೆ. ಹಾಗಾಗಿ ನನ್ನ ಒಲವು ಬೂದಿಯ ಆಯ್ಕೆಯ ಮೇಲೆ. ಅಪ್ಪಟ ಬಿಳಿ ಬೂದಿ ನೋಡಲು ಚೆಂದ, ಆದರೆ ಇಲ್ಲಿಗೆ ಬೇಕಾದದ್ದು ಸಣ್ಣ ಉರಿಯಲ್ಲಿ ಬೆಂದ, ಕರಿಯಂಶ ಉಳಿದ ಬೂದಿ. ಉರಿ ವಿಪರೀತವಾದರೆ ಸಿಲಿಕಾ ಹರಳುಗಟ್ಟಿ ರಂಧ್ರಗಳು ಮುಚ್ಚಿಹೋಗುತ್ತವೆ, ಆ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು.

ಬೂದಿಯನ್ನು ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ನೀರಿಗೆ ಹಾಕಿ, ಕ್ಷಾರ ಹೋಗುವಂತೆ ನಾಲ್ಕಾರು ಸಲ ತೊಳೆಯಿರಿ. ದನಗಳ ಕಾಲುಬಾಯಿ ಜ್ವರದಲ್ಲಿ ಗಾಯ ತೊಳೆಯಲು ಬಳಸುವ ಪೊಟ್ಯಾಸಿಯಂ ಪರ್ಮಾಂಗನೇಟನ್ನು ನೀರಿನಲ್ಲಿ ಕರಗಿಸಿ, ಆ ನೇರಳೆ ನೀರಿನಲ್ಲಿ ಬೂದಿಯನ್ನು ನೆನೆಹಾಕಿ. ಬೂದಿಯ ಕರಿಯಂಶವಾದ ಇಂಗಾಲವು ಪರ್ಮಾಂಗನೇಟಿನ ಆಮ್ಲಜನಕ ಸೆಳೆದುಕೊಳ್ಳುವುದರಿಂದ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಅಲ್ಲೇ ಅಂಟುತ್ತದೆ; ನೇರಳೆ ಬಣ್ಣ ತಾನಾಗಿ ಮಾಯವಾಗುತ್ತದೆ. ಈ ಹಂತವನ್ನು ನೋಡುತ್ತ ಕೂರುವುದೇ ನನಗೆ ಈ ಹವ್ಯಾಸದ ಅತ್ಯಂತ ಪ್ರಿಯ ಹೊತ್ತು. ಬಣ್ಣ ಪೂರ್ತಿ ಹೋದ ಮೇಲೆ ತೊಳೆದು, ಬಿಸಿಲಲ್ಲಿ ಒಣಗಿಸಿ. ಪರ್ಮಾಂಗನೇಟಿನ ಒಣ ಹರಳನ್ನು ಕರಿಬೂದಿಯ ಜೊತೆ ಎಂದೂ ಅರೆಯಬೇಡಿ, ಕಾಯಿಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

ಒಣಗಿದ ಪುಡಿಯ ಪರೀಕ್ಷೆಗೆ ಔಷಧಿ ಅಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು, ಅದಕ್ಕಿಂತ ಕಟುವಾದದ್ದು ಬೇಡ. ತೆರೆದ ಗಾಜಿನ ಲೋಟದಲ್ಲಿ 10 ಮಿ.ಲೀ. ಸುರಿದು ಚಿಟಿಕೆ ಪುಡಿ ಹಾಕಿದರೆ ನೊರೆಯೇಳುತ್ತದೆ. ಒಟ್ಟು 100 ಮಿ.ಲೀ.ನಷ್ಟು ಆಮ್ಲಜನಕ ಹೊರಬರುತ್ತದೆ. ಊದುಬತ್ತಿಯ ಕೆಂಡ ಹಿಡಿದರೆ ಪ್ರಜ್ವಲಿಸುತ್ತದೆ. 1818ರಲ್ಲಿ ಪೆರಾಕ್ಸೈಡ್ ಕಂಡುಹಿಡಿದ ಫ್ರಾನ್ಸಿನ ಥೆನಾರ್ ಈ ನೊರೆಗೆ ಬೆರಗಾಗಿದ್ದ. ಇಂಥ ಕ್ರಿಯೆಗಳಿಗೆಲ್ಲ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ವೇಗವರ್ಧನೆ (ಕ್ಯಾಟಲಿಸಿಸ್) ಎಂದು ಹೆಸರಿಟ್ಟದ್ದು 1835ರಲ್ಲಿ.

ನೊರೆ ನಿಂತ ಮೇಲೆ ಪುಡಿಯನ್ನು ಸೋಸಿ, ಒಣಗಿಸಿ, ಮತ್ತೆ ಹೊಸ ಪೆರಾಕ್ಸೈಡಿಗೆ ಹಾಕಿನೋಡಿ; ಪುಡಿ ಖರ್ಚಾಗಿಲ್ಲವೆಂದು ತಿಳಿಯುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣ ತೆಗೆಯುವ ಫಿಲ್ಟರುಗಳಲ್ಲೂ ಮ್ಯಾಂಗನೀಸ್ ಆಕ್ಸೈಡ್ ಲೇಪದ ಮರಳು ಇರುವುದುಂಟು. ಆದರೆ ಮನೆಯಲ್ಲಿ ಮಾಡಿದ ಈ ಪುಡಿ ಕುಡಿಯುವ ನೀರಿಗೆ ಬೇಡ.