ಜನರಲ್ ಸಾಹೇಬರ ಐದು ದಿನ

ಬೆಂಗಳೂರಿಂದ ಊರಿಗೆ ಹೊರಟರೆ ವಾಡಿಯಲ್ಲಿ ಹಳಿ ಎರಡಾಗ್ತದ. ಒಂದು ಶಹಾಬಾದ್ ಮೇಲೆ ಕಲಬುರಗಿಗೆ, ಇನ್ನೊಂದು ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ. ನಾನು ಸೇಡಂನಲ್ಲಿ ಇಳಿದು ಚಿಂಚೋಳಿ ಬಸ್ ಹತ್ತುವವನು. ಈ ಸಲ ದಾರಿಯುದ್ದಕ್ಕೂ ಓದಿದ್ದು, ನಿಜಾಮರ ಕೊನೆಯ ಸೇನಾಪತಿ ಜನರಲ್ ಎಲ್ ಎದ್ರೂಸ್ ಅವರ ಆತ್ಮಕಥನ ‘ಹೈದರಾಬಾದ್ ಆಫ್ ದಿ ಸೆವೆನ್ ಲೋವ್ಸ್’.

ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನಲ್ಲಿ ಕಾದಾಡಿದ ಸೈನಿಕ ಇವರು. ಆದರೆ ಇತಿಹಾಸ ನೆನಪಿಟ್ಟದ್ದು ಐದೇ ದಿನ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ಎಲ್ಲ ಮುಗೀತು. ಮರುದಿನ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿ ಅವರಿಗೆ ಶರಣಾದರು. ನಿಜಾಮರ ಪ್ರಧಾನಿ ಲಾಯಕ್ ಅಲಿ ತಮ್ಮ ‘ಟ್ರ್ಯಾಜಿಡಿ ಆಫ್ ಹೈದರಾಬಾದ್’ನಲ್ಲಿ ಸೋಲಿನ ಹೊಣೆಯನ್ನು ಈ ಸೇನಾಪತಿಯ ಹೆಗಲಿಗೇ ಹಾಕ್ತಾರೆ.

ಈ ಜಗಳದಲ್ಲಿ ನಾನು ಜನರಲ್ ಕಡೆ. ಗೆಲ್ಲಲಾಗದ ಯುದ್ಧದಲ್ಲಿ ಬೇಗ ಶಸ್ತ್ರ ಕೆಳಗಿಟ್ಟದ್ದು ಸಾವಿರಾರು ಸಿಪಾಯಿಗಳ ಜೀವ ಉಳಿಸಿತು. ಅದು ಹೇಡಿತನ ಅಲ್ಲ.

ನನ್ನ ತಕರಾರು ಬೇರೆ. ಸೋತದ್ದು ಯಾರಿಂದ ಅನ್ನೋದು ಹೈದರಾಬಾದಿನ ದೊಡ್ಡವರ ಪ್ರಶ್ನೆ. ಕಾಯುವವರು ಎಲ್ಲಿದ್ದರು ಅನ್ನೋದು ನಮ್ಮ ಹಳ್ಳಿಗಳದು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹೊಕ್ಕು ಲೂಟಿ, ಕೊಲೆ ಮಾಡುವಾಗ ರಾಜ್ಯಕ್ಕೆ ಒಂದು ಶಿಸ್ತಿನ ಸೇನೆ ಇತ್ತಲ್ಲ? ಅವರು ನನ್ನ ಕೈಕೆಳಗಿನವರಲ್ಲ ಅನ್ನೋದು ಸೇನಾಪತಿಗೆ ಸಾಕಾಗುವ ಉತ್ತರ ಇರಬಹುದು. ಮನೆ ಸುಟ್ಟವರಿಗೆ ಅಲ್ಲ.

ಗೆದ್ದವರಿಗೂ ಇದೇ ಪ್ರಶ್ನೆ ಕೇಳಬೇಕು. ಶರಣಾಗತಿಯ ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳಲ್ಲಿ ರಾಜ್ಯದಾದ್ಯಂತ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ ಒಂದು. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ.

ನಮ್ಮ ಮುತ್ಯಾ ರಜಾಕಾರರ ಹಾವಳಿ ಬಗ್ಗೆ ಕಟ್ಟೆ ಮೇಲೆ ಕೂತು ಜೋರಾಗಿ ಹೇಳ್ತಿದ್ದ. ಆಮೇಲಿನದಕ್ಕೆ ಮಾತ್ರ ದನಿ ಇಳೀತಿತ್ತು: “ಪೊಲೀಸ್ ಆ್ಯಕ್ಷನ್ ಆದಮ್ಯಾಲ ಆ ಓಣಿ ಖಾಲಿ ಆತು ನೋಡಪಾ.” ಯಾಕೆ ಅಂತ ನಾನೂ ಕೇಳಲಿಲ್ಲ. ಈಗ ಕೇಳೋಣ ಅಂದ್ರ ಅವನಿಲ್ಲ.

ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಫೋಟೋ ಸ್ಟೇಟಸ್‌ಗೆ ಹಾಕುವ ಗೆಳೆಯರೇ, ಜನರಲ್ ಪುಸ್ತಕ ಸಿಕ್ಕರೆ ಓದ್ರಿ. ಅದಕ್ಕೂ ಮೊದಲು, ಮನೆಯಲ್ಲಿ ಹಿರಿಯರಿದ್ದರೆ ಆ ಎರಡನೇ ಕಥಿ ಕೇಳ್ರಿ.