ಟಿಡಿಎ 2822ಎಂ: ಬ್ರಿಡ್ಜ್ ಕಟ್ಟಿದರೆ ಕಿವಿಗೇನು ಲಾಭ?

ಹೆಡ್‌ಫೋನ್ ಆಂಪ್ಲಿಫೈಯರ್ ಅಂದರೆ ಟಿಡಿಎ 2822ಎಂ ಎಂಬ ನಂಬಿಕೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಿಪೇರಿ ಅಂಗಡಿಗಳಲ್ಲೂ ಹುಡುಗರ ಪ್ರಾಜೆಕ್ಟ್ ಪುಸ್ತಕಗಳಲ್ಲೂ ಬೇರು ಬಿಟ್ಟಿದೆ. ಈ ಕೀರ್ತಿಯಲ್ಲಿ ಅರ್ಧ ಸುಳ್ಳು. ತೊಗರಿ ಹೊಲ ಕಾಯುವವನ ಜೇಬಿನ ರೇಡಿಯೋದಲ್ಲಿ ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಪುಟ್ಟ ಸ್ಪೀಕರ್ ಕೂಗಿಸಲು ಇದು ಹೇಳಿ ಮಾಡಿಸಿದ ಚಿಪ್. ಎಂಟೇ ಕಾಲು. ಸೆಲ್ ಸೋತು 1.8 ವೋಲ್ಟಿಗೆ ಇಳಿದರೂ ದುಡಿಯುತ್ತದೆ, ಮೇಲೆ 15 ವೋಲ್ಟಿನವರೆಗೂ ತಡೆದುಕೊಳ್ಳುತ್ತದೆ. ಹೊಗಳಿಕೆ ಇಷ್ಟು ಸಾಕು. ಅದನ್ನೇ ಕಿವಿಗೆ ಹಚ್ಚಿದಾಗ ತಕರಾರು ಶುರು.

ಇದನ್ನು ಕಟ್ಟುವ ನಕ್ಷೆಗಳು ಎರಡು: ಚಿಪ್ಪಿನೊಳಗಿನ ಎರಡು ಆಂಪ್ಲಿಫೈಯರ್ ಭಾಗಗಳು ಎಡಕ್ಕೊಂದು ಬಲಕ್ಕೊಂದು ದುಡಿದರೆ ಸ್ಟೀರಿಯೋ, ಎರಡೂ ಸೇರಿ ಒಂದೇ ಸ್ಪೀಕರಿನ ಎರಡು ತುದಿಗಳನ್ನು ಎದುರುಬದುರಾಗಿ ಎಳೆದರೆ ಬ್ರಿಡ್ಜ್. ನಮ್ಮ ಬರಹಗಾರರಿಗೆ ಬ್ರಿಡ್ಜ್ ಮೇಲೆ ವಿಪರೀತ ಪ್ರೀತಿ. 3 ವೋಲ್ಟಿನಲ್ಲಿ 32 ಓಮ್‌ಗೆ ಸ್ಟೀರಿಯೋ ನಕ್ಷೆ ಕೊಡುವುದು ಚಾನೆಲ್ಲಿಗೆ 20 ಮಿಲಿವ್ಯಾಟ್, ಬ್ರಿಡ್ಜ್ ಕೊಡುವುದು 65. ಮೂರು ಪಟ್ಟು, ಮೇಲಾಗಿ ಔಟ್‌ಪುಟ್ ಕೆಪಾಸಿಟರ್ ಖರ್ಚೂ ಇಲ್ಲ ಎನ್ನುತ್ತಾರೆ. ಡಾಟಾಶೀಟಿನ ಅದೇ ಕೋಷ್ಟಕದಲ್ಲಿ ಇನ್ನೊಂದು ಅಂಕಿಯೂ ಇದೆ, ಅದನ್ನು ಯಾರೂ ನಕಲು ಮಾಡುವುದಿಲ್ಲ. ಈ ಮಿಲಿವ್ಯಾಟುಗಳೆಲ್ಲ ಶೇ. 10ರಷ್ಟು ವಿರೂಪ ಒಪ್ಪಿಕೊಂಡು ಅಳೆದವು. ಶೇ. 10 ಅಂದರೆ ದನಿ ಒಡೆದು ಕರಕರ ಎನ್ನುವ ಮಟ್ಟ. ಕಿವಿಗೋ ಒಂದೆರಡು ಮಿಲಿವ್ಯಾಟೇ ಧಾರಾಳ. ಹಾಗಿದ್ದಮೇಲೆ 65 ಯಾರಿಗೆ ಬೇಕಾಗಿತ್ತು?

ಅದಕ್ಕಿಂತ ದೊಡ್ಡ ಎಡವಟ್ಟು ಜ್ಯಾಕಿನಲ್ಲಿದೆ. ಬ್ರಿಡ್ಜ್ ಕಟ್ಟಿದ ಚಿಪ್ಪಿನ ಎರಡೂ ಭಾಗ ಒಂದೇ ಚಾನೆಲ್ಲಿಗೆ ಖರ್ಚಾಗುತ್ತವೆ. ಸ್ಟೀರಿಯೋ ಬೇಕೆಂದರೆ ಎರಡು ಚಿಪ್, ನಾಲ್ಕು ಬಿಡಿ ತಂತಿ. ನಾವು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಇರುವುದು ಮೂರೇ: ಎಡ, ಬಲ, ಇಬ್ಬರಿಗೂ ಸೇರಿದ ಗ್ರೌಂಡ್. ಚಿಪ್ಪಿನ ಔಟ್‌ಪುಟ್‌ಗಳಾದ ಒಂದನೆಯ ಮತ್ತು ಮೂರನೆಯ ಕಾಲುಗಳಲ್ಲಿ ಸದಾ ಅರ್ಧ ಸಪ್ಲೈಗಿಂತ ತುಸು ಕಡಿಮೆ, 3 ವೋಲ್ಟಿನಲ್ಲಿ ಸುಮಾರು 1.2 ವೋಲ್ಟ್ ನಿಂತಿರುತ್ತದೆ. ಕೆಪಾಸಿಟರ್ ಕಿತ್ತು ಈ ಕಾಲುಗಳನ್ನು ನೇರ ಜ್ಯಾಕಿಗೆ ಬೆಸೆದು ಸಾಮಾನ್ಯ ತಂತಿಯನ್ನು ಗ್ರೌಂಡಿಗೆ ಕೊಟ್ಟರೆ, ಹಾಡು ಹಾಕುವ ಮೊದಲೇ 32 ಓಮಿನ ಒಂದೊಂದು ಸುರುಳಿಯಲ್ಲೂ ಸುಮಾರು 37 ಮಿಲಿಆಂಪಿಯರ್ ಡಿಸಿ ಹರಿಯುತ್ತದೆ. ಪೊರೆ ಒಂದು ಮಗ್ಗುಲಿಗೆ ಒತ್ತಿ ನಿಲ್ಲುತ್ತದೆ, ಸೆಲ್ ಬೇಗ ಬರಿದಾಗುತ್ತದೆ. ‘ಕೆಪಾಸಿಟರ್ ಇಲ್ಲದ ನಕ್ಷೆ’ ಎಂದು ಮೆಚ್ಚಿ ಬರೆದವರು ಇದನ್ನು ಬೆಸೆದು ನೋಡಿದ್ದರೇ ಎಂಬುದೇ ನನ್ನ ಅನುಮಾನ. ಸ್ಟೀರಿಯೋ ನಕ್ಷೆಯ 470 ಮೈಕ್ರೋಫ್ಯಾರಡ್ ಬರೀ ಅಲಂಕಾರವಲ್ಲ. 32 ಓಮ್‌ಗೆ ಅದು ಸುಮಾರು 11 ಹರ್ಟ್ಜ್‌ವರೆಗೂ ಬಾಸ್ ಬಿಟ್ಟುಕೊಡುತ್ತದೆ. ಜಾಗ ಸಾಲದೆಂದು 100 ಹಾಕಿದರೆ 50 ಹರ್ಟ್ಜ್‌ನಲ್ಲೇ ಕತ್ತರಿ, ಡೊಳ್ಳಿನ ತಳ ಸಣ್ಣಗಾಗುತ್ತದೆ.

ಇನ್ನು ‘ಚಿಪ್ ಸುಂಯ್‌ಗುಡುತ್ತದೆ, ಎಸೆಯಿರಿ’ ಎನ್ನುವ ಎದುರು ಪಕ್ಷ. ಅವರ ಕಿವಿ ಸರಿ, ತೀರ್ಪು ತಪ್ಪು. ಇದರ ಗೇನ್ 39 ಡೆಸಿಬೆಲ್, ಹತ್ತಿರಹತ್ತಿರ 90 ಪಟ್ಟು. ಒಳಗಿನ ಎರಡು-ಮೂರು ಮೈಕ್ರೋವೋಲ್ಟ್ ಗದ್ದಲವೂ ಅಷ್ಟೇ ಪಟ್ಟು ಬೆಳೆದು ಹೊರಗೆ ಬರುತ್ತದೆ. ಗೋಡೆಯ ಸ್ಪೀಕರಿನಲ್ಲಿ ಕೇಳಿಸದ್ದು ಕಿವಿಯೊಳಗೆ ಕೂತರೆ ಕೇಳಿಸದೆ ಇರುತ್ತದೆಯೇ? 3 ವೋಲ್ಟಿನಲ್ಲಿ ಒಳಗೆ 9 ಮಿಲಿವೋಲ್ಟ್ ಕೊಟ್ಟರೂ ಆ 20 ಮಿಲಿವ್ಯಾಟ್ ಮುಗಿದುಹೋಗುತ್ತದೆ. ಮೊಬೈಲ್ ಫೋನ್ ಇದರ ಎಷ್ಟೋ ಪಟ್ಟು ಕೊಡುತ್ತದೆ. ಅದಕ್ಕೇ ವಾಲ್ಯೂಮ್ ಗುಬ್ಬಿ ಕೂದಲೆಳೆ ತಿರುಗಿಸುವಷ್ಟರಲ್ಲಿ ಕಿರಿಚುತ್ತದೆ.

ಇನ್‌ಪುಟ್‌ನಲ್ಲಿ ರೆಸಿಸ್ಟರ್ ಹಾಕಿ ಸಿಗ್ನಲ್ ಇಳಿಸಿದರೆ ಗುಬ್ಬಿ ಹದಕ್ಕೆ ಬರುತ್ತದೆ, ಸುಂಯ್ ಹೋಗುವುದಿಲ್ಲ. ಗದ್ದಲ ಚಿಪ್ಪಿನೊಳಗಿನದು. ಔಟ್‌ಪುಟ್ ಕೆಪಾಸಿಟರ್ ಆದಮೇಲೆ, ಜ್ಯಾಕಿಗೆ ಮುಂಚೆ, ಚಾನೆಲ್ಲಿಗೊಂದು 100 ಓಮ್ ಹಾಕಿ ನೋಡಿ. ಸಿಗ್ನಲ್ ಮತ್ತು ಗದ್ದಲ ಎರಡೂ ಕಾಲುಭಾಗಕ್ಕೆ ಇಳಿಯುತ್ತವೆ. ಸಿಗ್ನಲ್ಲನ್ನು ಗುಬ್ಬಿಯಲ್ಲಿ ಮತ್ತೆ ಏರಿಸಿಕೊಳ್ಳಬಹುದು, ಗದ್ದಲ ಏರುವುದಿಲ್ಲ. ಉಳಿಯುವುದು ಸುಮಾರು ಒಂದು ಮಿಲಿವ್ಯಾಟ್. ಕಿವಿಗೆ ಅಷ್ಟು ಸಾಕೆಂದು ಮೇಲೇ ಹೇಳಿದೆ. ಕೆಲವು ಹೆಡ್‌ಫೋನುಗಳಲ್ಲಿ ಇದರಿಂದ ದನಿಯ ಬಣ್ಣ ತುಸು ಬದಲಾದೀತು, ಅದನ್ನು ಒಪ್ಪುತ್ತೇನೆ.

ಹೊಗಳಲೇಬೇಕಾದರೆ ಫಿಲಿಪ್ಸ್‌ನ ಟಿಡಿಎ 7050ಅನ್ನು ಹೊಗಳಬಹುದಿತ್ತು. 1.6ರಿಂದ 6 ವೋಲ್ಟ್, ಸ್ಟೀರಿಯೋದಲ್ಲಿ 26 ಡೆಸಿಬೆಲ್, ಅಂದರೆ 20 ಪಟ್ಟು ಮಾತ್ರ. ಕಿವಿಯ ಅಳತೆಗೆ ಹೊಲಿದ ಅಂಗಿ ಅದು. ಬ್ರಿಡ್ಜ್ ವ್ಯಾಮೋಹದ ಗದ್ದಲದಲ್ಲಿ ಅದರ ಹೆಸರನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ.

ನಾಲ್ಕೂ ತಾಲೂಕುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ: ಹುಡುಗರಿಂದ ಮೂರು ತಂತಿಯ ಜ್ಯಾಕಿಗೆ ಬ್ರಿಡ್ಜ್ ನಕ್ಷೆ ಬರೆಯಿಸುವುದನ್ನು ಈ ವರ್ಷವೇ ನಿಲ್ಲಿಸಿ. ವೈವಾದಲ್ಲಿ ಎಷ್ಟು ಮಿಲಿವ್ಯಾಟ್ ಎಂದು ಕೇಳಿದರೆ, ಎಷ್ಟು ವಿರೂಪದಲ್ಲಿ ಎಂದೂ ಕೇಳಿ.