ಗುಂಡಿ ತೆಗೆಯುವವರು ಯಾರು?

ಹಳ್ಳಿಯ ಜನ ಬಯಲಿಗೆ ಹೋಗುವುದು ಬಡತನದಿಂದ, ನೀರಿಲ್ಲದ್ದರಿಂದ, ತಿಳಿವಳಿಕೆ ಸಾಲದ್ದರಿಂದ ಎಂಬ ಮಾತು ನಮ್ಮಲ್ಲಿ ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಸರ್ಕಾರ ಹಣ ಕೊಟ್ಟು ಶೌಚಾಲಯ ಕಟ್ಟಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ. ಅರ್ಥಶಾಸ್ತ್ರಜ್ಞ ಡೀನ್ ಸ್ಪಿಯರ್ಸ್ ಅವರು ಡಯಾನ್ ಕಾಫಿ ಜೊತೆ ಬರೆದ ‘ವೇರ್ ಇಂಡಿಯಾ ಗೋಸ್’ (2017) ಈ ನಂಬಿಕೆಯ ಬುಡವನ್ನೇ ಅಲುಗಾಡಿಸುತ್ತದೆ. ಅವರ ಉತ್ತರ ನೇರವಾಗಿದೆ: ಮುಖ್ಯ ಕಾರಣ ಜಾತಿ.

ಬಡತನವೇ ಕಾರಣವಾಗಿದ್ದರೆ ಬಾಂಗ್ಲಾದೇಶದಲ್ಲಿ ಬಯಲು ಶೌಚ ನಮ್ಮಲ್ಲಿಗಿಂತ ಹೆಚ್ಚಿರಬೇಕಿತ್ತು. ಅಲ್ಲಿ ಅದು ಬಹುಮಟ್ಟಿಗೆ ನಿಂತುಹೋಗಿದ್ದ ಕಾಲದಲ್ಲಿ, 2011ರ ನಮ್ಮ ಜನಗಣತಿಯ ಪ್ರಕಾರ ಶೇ. 70ರಷ್ಟು ಗ್ರಾಮೀಣ ಮನೆಗಳಿಗೆ ಶೌಚಾಲಯವೇ ಇರಲಿಲ್ಲ. ಭಾರತದೊಳಗೂ ಅಷ್ಟೆ. ಹಿಂದೂಗಳಿಗಿಂತ ಸರಾಸರಿ ಬಡವರಾದ ಮುಸ್ಲಿಮರು ಶೌಚಾಲಯವನ್ನು ಹೆಚ್ಚು ಬಳಸುತ್ತಾರೆ. ಅವರ ಶಿಶುಗಳು ಬದುಕುಳಿಯುವ ಪ್ರಮಾಣವೂ ಹೆಚ್ಚು. ಮುಸ್ಲಿಮರು ಹೆಚ್ಚಿರುವ ಊರಿನ ಹಿಂದೂ ಮಕ್ಕಳಿಗೂ ಇದರ ಲಾಭ ಸಿಗುತ್ತದೆ ಎಂಬುದು ಸ್ಪಿಯರ್ಸ್ ಸಂಶೋಧನೆಯ ಅತ್ಯಂತ ಮಹತ್ವದ ಭಾಗವೆಂದು ನನಗನ್ನಿಸುತ್ತದೆ. ನೆರೆಯವರ ನಡವಳಿಕೆ ನಮ್ಮ ಮಗುವಿನ ಆಯಸ್ಸನ್ನು ನಿರ್ಧರಿಸುತ್ತದೆ.

ಹಾಗಾದರೆ ತೊಡಕೆಲ್ಲಿ? ಗುಂಡಿಯಲ್ಲಿ. ಸರ್ಕಾರದ ಅವಳಿ ಗುಂಡಿಗಳ ವಿನ್ಯಾಸದಲ್ಲಿ ಒಂದು ತುಂಬಿದಾಗ ಇನ್ನೊಂದನ್ನು ಬಳಸಬೇಕು. ಮೊದಲನೆಯದರಲ್ಲಿರುವುದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ, ಮನೆಯವರೇ ತೆಗೆಯಬಹುದು. ಆದರೆ ಗುಂಡಿ ಬಳಿಯುವುದು ದಲಿತರ ಕೆಲಸವೆಂದು ಶತಮಾನಗಳಿಂದ ಹೇರಿದ ಸಮಾಜದಲ್ಲಿ ಮನೆಯ ಯಜಮಾನ ಅದಕ್ಕೆ ಕೈ ಹಾಕುವುದಿಲ್ಲ. ದಲಿತರೂ ಆ ಅವಮಾನವನ್ನು ಸರಿಯಾಗಿಯೇ ತಿರಸ್ಕರಿಸುತ್ತಿದ್ದಾರೆ. ಆದ್ದರಿಂದ ಜನ ಬಯಸುವುದು ತಲೆಮಾರು ಕಳೆದರೂ ತುಂಬದಂಥ ದೊಡ್ಡ ಗುಂಡಿ. ಅಷ್ಟು ಹಣವಿಲ್ಲದಿದ್ದರೆ ಬಯಲೇ ವಾಸಿ.

ಸ್ವಚ್ಛ ಭಾರತ ಅಭಿಯಾನದಿಂದ ಏನೂ ಆಗಲಿಲ್ಲ ಎನ್ನುವುದು ಅನ್ಯಾಯ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಪ್ರದೇಶದ ಹಳ್ಳಿಗಳಲ್ಲಿ 2014ರಿಂದ 2018ರೊಳಗೆ ಬಯಲಿಗೆ ಹೋಗುವವರು ಶೇ. 70ರಿಂದ 44ಕ್ಕೆ ಇಳಿದರು. ಆದರೆ ಮನೆಯಲ್ಲಿ ಶೌಚಾಲಯವಿದ್ದೂ ಬಯಲಿಗೆ ಹೋಗುವವರ ಪಾಲು ನಾಲ್ಕರಲ್ಲೊಂದರ ಆಸುಪಾಸಿನಲ್ಲೇ ನಿಂತಿತು. ಕಟ್ಟಡ ಬಂತು, ಮನಸ್ಸು ಕದಲಲಿಲ್ಲ.

ಸ್ಪಿಯರ್ಸ್ ಹೇಳಿದ್ದೆಲ್ಲ ಪ್ರಶ್ನಾತೀತವೇನಲ್ಲ. ಭಾರತದ ಮಕ್ಕಳ ಕುಳ್ಳತನಕ್ಕೂ ಬಯಲು ಶೌಚಕ್ಕೂ ಅವರು ಕಟ್ಟುವ ಸಂಬಂಧ ಅಷ್ಟು ಸರಳವಲ್ಲವೆಂದು 2018ರಲ್ಲಿ ಪ್ರಕಟವಾದ ಬಾಂಗ್ಲಾದೇಶ ಮತ್ತು ಕೀನ್ಯಾದ ಪ್ರಯೋಗಗಳು ತೋರಿಸಿದವು. ಉತ್ತರ ಭಾರತದ ಹಳ್ಳಿಗಳ ಅಧ್ಯಯನವನ್ನು ಕರ್ನಾಟಕಕ್ಕೆ ಹಾಗೆಯೇ ಅಂಟಿಸಲೂ ಆಗದು. ಆದರೂ ಗುಂಡಿಯ ಪ್ರಶ್ನೆ ನಮಗೆ ಹೊಸದಲ್ಲ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಆ ನಿಷೇಧದ ನಂತರವೂ ಪದ್ಧತಿ ಮುಂದುವರಿದಿದ್ದರಿಂದಲೇ ಕೆಜಿಎಫ್‌ನ ಬೆಜವಾಡ ವಿಲ್ಸನ್ ಹೋರಾಟಕ್ಕಿಳಿಯಬೇಕಾಯಿತು.

ನಿಮ್ಮ ಗ್ರಾಮಸಭೆಯಲ್ಲಿ ಶೌಚಾಲಯಗಳ ಲೆಕ್ಕ ಓದುವಾಗ ಒಂದು ಪ್ರಶ್ನೆ ಕೇಳಿ: ಗುಂಡಿ ತುಂಬಿದ ಮೇಲೆ ಅದನ್ನು ಯಾರು, ಯಾವ ಯಂತ್ರದಿಂದ, ಎಷ್ಟು ಕೂಲಿಗೆ ತೆಗೆಯುತ್ತಾರೆ? ಸಿಕ್ಕ ಉತ್ತರವನ್ನು ನಡಾವಳಿಯಲ್ಲಿ ಬರೆಸಿ.